ತಾಳಿ ಕಟ್ಟುವ ಹೊತ್ತಿನ ಡೀಸೆಲ್

"ಮೇಕಪ್ ರೂಮು ಮೇಲ್ಗಡೆ ಐತೆ ಮೇಡಂ. ಇದು ಮೀಟರ್ ರೂಮು."

ಅನುಷಾ ತಿರುಗಿ ನೋಡಿದಳು. ಬಾಗಿಲಲ್ಲಿ ನಿಂತವನ ಕೈಯಲ್ಲಿ ಟೆಸ್ಟರ್ ಇತ್ತು, ಕಿವಿಯ ಮೇಲೆ ಪೆನ್ಸಿಲ್. ಮುಖದಲ್ಲಿ ಹಿಂಡು ಬಿಟ್ಟ ಕುರಿಗೆ ದಾರಿ ತೋರಿಸುವವನ ಸಹನೆ.

"ನಾನು ಮೀಟರ್ ನೋಡಕ್ಕೇ ಬಂದಿರೋದು. ನೀವ್ಯಾರು?"

"ಈ ಮೀಟರ್‌ನ ದಿನಾ ನೋಡೋನು. ರಾಮಾಂಜನೇಯ. ಇಲ್ಲಿ ಎಲೆಕ್ಟ್ರಿಷಿಯನ್ನು." ಅವಳ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ಓದಿದ. "ಓ. ಗಾಳಿ ಮೇಡಮ್ಮೋರಾ ನೀವು?"

'ಗಾಳಿ ಮೇಡಂ' ಎಂಬ ಹೆಸರು ತನಗೆ ಮೊದಲೇ ಬಿದ್ದಿದೆ ಎಂದು ಅನುಷಾಗೆ ಗೊತ್ತಾದದ್ದು ಆಗ. ಆ ಹೆಸರು ಇಟ್ಟವನು ಯಾರೆಂದು ಊಹಿಸಲು ಕಷ್ಟವಿರಲಿಲ್ಲ. ಅವನು ಎದುರಿಗೇ ನಿಂತು ನಗು ತಡೆದುಕೊಳ್ಳುತ್ತಿದ್ದ.

ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯಲ್ಲಿದ್ದ ಆ ಕಲ್ಯಾಣ ಮಂಟಪದ ಮಾಲೀಕ ಪ್ರಭುಲಿಂಗ ಆ ವರ್ಷ ಹೊಸ ಪ್ಯಾಕೇಜ್ ಒಂದನ್ನು ಹೊರಡಿಸಿದ್ದ. ಹೆಸರು 'ಪವನ ಕಲ್ಯಾಣ'. ಮದುವೆಗೆ ಬಳಸಿದ ಕರೆಂಟೆಲ್ಲ ಗಾಳಿಯದು ಎಂದು ಒಂದು ಸರ್ಟಿಫಿಕೇಟ್, ಅದಕ್ಕೆ ಚಿನ್ನದ ಬಣ್ಣದ ಫ್ರೇಮ್. ಹೀಗೆ ಮಾಡಿ ಎಂದು ಸರ್ಕಾರ ಹೇಳಿರಲಿಲ್ಲ, ಕಾನೂನು ಹೇಳಿರಲಿಲ್ಲ. ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು ಮದುವೆ ಹಾಲ್‌ನ ಕಿಟಕಿಯಿಂದ ಕಾಣುತ್ತವಾದ್ದರಿಂದ ಅವನ್ನೂ ಮಾರಬಹುದು ಎಂದು ಅವನಿಗೆ ಹೊಳೆದಿತ್ತು, ಅಷ್ಟೇ. ಹಸಿರು ಮದುವೆಯ ಕಮಾನಿಗೆ ಕಟ್ಟಿದ ಹಸಿರು ಎಲೆಗಳು ಪ್ಲಾಸ್ಟಿಕ್ಕಿನವು. ಊಟಕ್ಕೆ ಹಾಕಿದ ಪ್ರತಿ ಎಲೆಯ ಪಕ್ಕ ಇಡುವ ನೀರಿನ ಬಾಟಲಿಯೂ ಪ್ಲಾಸ್ಟಿಕ್ಕೇ.

ಚಿತ್ರದುರ್ಗದ ಒಂದು ಸಣ್ಣ ಸಂಸ್ಥೆಯಲ್ಲಿ ಅನುಷಾ ಪರಿಶೀಲಕಿ. ಮದುವೆಗೆ ಮುಂಚೆ ಮೀಟರ್ ಓದಬೇಕು, ಮುಗಿದ ಮೇಲೆ ಮತ್ತೆ ಓದಬೇಕು, ಅಷ್ಟು ಯೂನಿಟ್ಟಿಗೆ ಗಾಳಿ ವಿದ್ಯುತ್ತಿನ ಸರ್ಟಿಫಿಕೇಟನ್ನು ಆ ಮನೆಯವರ ಹೆಸರಿಗೆ ಬರೆದು ಮತ್ತೆ ಯಾರೂ ಬಳಸದಂತೆ ರದ್ದು ಮಾಡಿಸಬೇಕು, ಕೆಳಗೆ ಸಹಿ ಹಾಕಬೇಕು. ಕೆಲಸ ಚಿಕ್ಕದು. ಅವಳು ಅದನ್ನು ಚಿಕ್ಕದಾಗಿ ಮಾಡುತ್ತಿರಲಿಲ್ಲ.

ಅವಳು ಮೀಟರ್ ಅಂಕಿ ಬರೆದುಕೊಳ್ಳುತ್ತಿದ್ದಾಗ ಅವನು ಗೋಡೆಯ ಗಡಿಯಾರ ನೋಡಿ, ಹೊರಗೆ ಹೋಗಿ, ಏನನ್ನೋ ಒತ್ತಿದ. ನೆಲ ನಡುಗಿತು. ಕಿಟಕಿಯಲ್ಲಿ ಕರಿ ಹೊಗೆ ಕಾಣಿಸಿತು. ಅವನು ಒಳಗೆ ಬಂದು ದೊಡ್ಡ ಹಿಡಿಯೊಂದನ್ನು ಬಲಕ್ಕೆ ತಿರುಗಿಸಿದ. ಮೀಟರ್ ನಿಂತಿತು.

"ಕರೆಂಟ್ ಹೋಯ್ತಾ?"

"ಇಲ್ವಲ್ಲ. ಚೆನ್ನಾಗೈತೆ."

"ಮತ್ತೆ ಜನರೇಟರ್ ಯಾಕೆ?"

"ಹತ್ತೂ ಇಪ್ಪತ್ತಕ್ಕೆ ಮುಹೂರ್ತ," ಎಂದ, ಉತ್ತರ ಅಲ್ಲಿಗೆ ಮುಗಿಯಿತು ಎಂಬಂತೆ.

ಮುಗಿದಿತ್ತು ಕೂಡ. ಈ ಕಡೆಯ ಮಂಟಪಗಳಲ್ಲಿ ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಮುಂಚೆ ಇಡೀ ಹಾಲನ್ನು ಜನರೇಟರಿಗೆ ಹಾಕುತ್ತಾರೆ. ಕರೆಂಟ್ ಇರಲಿ, ಇಲ್ಲದಿರಲಿ. ತಾಳಿ ಕಟ್ಟುವ ಹೊತ್ತಿಗೆ ಲೈಟು ಕಣ್ಣು ಮುಚ್ಚಬಾರದು. ಈ ನಿಯಮವನ್ನು ಯಾರೂ ಬರೆದಿಲ್ಲ, ಯಾರೂ ಮುರಿದಿಲ್ಲ.

ಅನುಷಾ ನಕ್ಕಳು. ಒಳ್ಳೆಯ ನಗುವಲ್ಲ. "ಅಂದ್ರೆ ಗಾಳಿ ಮದುವೇಲಿ ತಾಳಿ ಕಟ್ಟೋದು ಡೀಸೆಲ್‌ನಾಗೆ."

"ಗಾಳಿ ಮದುವೆ ಅಂತ ನಾನು ಹೇಳಿಲ್ಲ ಮೇಡಂ. ಹೊರಗೆ ಬೋರ್ಡ್ ಬರೆಸಿರೋರು ಹೇಳ್ಯಾರೆ. ನಿಮ್ಮ ಕಾಗದ ಹೇಳ್ತೈತೆ. ಗಾಳಿ ಆ ಗುಡ್ಡದ ಮ್ಯಾಲೆ, ಕರೆಂಟ್ ಎಲ್ಲಿಂದಲೋ ಬರ್ತೈತೆ, ಹೆಸರು ಮಾತ್ರ ಇವರದು. ಇದಕ್ಕೊಂದು ಸೈನ್, ಅದಕ್ಕೊಂದು ಫ್ರೇಮ್."

"ನಮ್ಮೂರು ಭರಮಸಾಗರ," ಎಂದಳು ಅನುಷಾ. "ನಮ್ಮ ಕೆರೆಗೆ ಹತ್ತು ಹಳ್ಳದ ನೀರು ಬರ್ತೈತೆ. ಒಂದು ಕೊಡ ತುಂಬಿಸ್ಕೊಂಡು ಇದು ಯಾವ ಹಳ್ಳದ್ದು ಅಂದ್ರೆ ಯಾರೂ ಹೇಳಕ್ಕಾಗಲ್ಲ. ಆದ್ರೆ ಒಂದು ಹಳ್ಳದ ಲೆಕ್ಕದಾಗೆ ಒಂದು ಕೊಡ ನನ್ನ ಹೆಸರಿಗೆ ಬರೆಸಿ, ಮತ್ತೆ ಯಾರೂ ಅದನ್ನ ಕೇಳದಂಗೆ ಚೀಟಿ ಹರಿದು ಹಾಕಿದ್ರೆ ಅದು ನಂದೇ. ಎಲ್ಲಾರೂ ಅದೇ ಹಳ್ಳ ಕೇಳಿದ್ರೆ ಆ ಹಳ್ಳ ಉಳಿಸ್ಕೋತಾರೆ. ಅಷ್ಟೇ ಇದರ ಅರ್ಥ. ನಿಮಗೆ ಅರ್ಥ ಆಗಲ್ಲ ಅಂತ ಸುಳ್ಳಾಗಲ್ಲ."

"ಅರ್ಥ ಆಯ್ತು. ಡೀಸೆಲ್ ಯಾವ ಹಳ್ಳದಾಗೆ ಬರ್ತೈತೆ?"

ಸರ್ಟಿಫಿಕೇಟ್ ಇರುವುದು ತಂತಿಯಲ್ಲಿ ಬಂದ ಕರೆಂಟಿಗೆ ಮಾತ್ರ. ಡೀಸೆಲ್ ಹೊಗೆಯನ್ನು ಯಾವ ಸರ್ಟಿಫಿಕೇಟೂ ತೊಳೆಯುವುದಿಲ್ಲ. ಅದು ಅವಳಿಗೆ ಗೊತ್ತು. ಅವನಿಗೂ ಗೊತ್ತಿದೆ ಎಂಬುದು ಸಿಟ್ಟಿನ ಸಂಗತಿಯಾಗಿತ್ತು.

ಆ ದಿನದ ಪತ್ರದಲ್ಲಿ ಅವಳು ಬರೆದಳು: 'ಬೆಳಿಗ್ಗೆ ಹತ್ತರಿಂದ ಹತ್ತು ಮೂವತ್ತನಾಲ್ಕರವರೆಗೆ ಡೀಸೆಲ್ ಜನರೇಟರ್ ಬಳಸಲಾಗಿದೆ. ಈ ಅವಧಿ ಸರ್ಟಿಫಿಕೇಟಿಗೆ ಸೇರಿಲ್ಲ.' ಸಹಿ ಹಾಕಿದಳು.

ಎರಡು ವಾರದ ನಂತರ ಮತ್ತೊಂದು ಮದುವೆಗೆ ಬಂದಾಗ ಮಂಟಪದ ಬಾಗಿಲಲ್ಲೇ ಆ ಪತ್ರ ಫ್ರೇಮಿನಲ್ಲಿ ತೂಗುತ್ತಿತ್ತು. ಡೀಸೆಲ್ ಸಾಲು ಇರಲಿಲ್ಲ. 'ಶೇಕಡಾ ನೂರು' ಎಂಬ ಹೊಸ ಸಾಲು ಇತ್ತು. ಕೆಳಗೆ ಅವಳ ಸಹಿ ಹಾಗೇ ಇತ್ತು.

ಪ್ರಭುಲಿಂಗ ಆಫೀಸಿನಲ್ಲಿ ದ್ರಾಕ್ಷಿ ತಿನ್ನುತ್ತಿದ್ದ. "ಜನ ಮದುವೆಗೆ ಬರ್ತಾರಮ್ಮ, ಓದಕ್ಕಲ್ಲ. ಆ ಸಾಲು ಇದ್ರೆ ಫ್ರೇಮಿಗೆ ಅಂದ ಇರಲ್ಲ."

"ನನ್ನ ಸೈನ್ ಇಟ್ಕೊಂಡು ಇನ್ನೊಂದ್ಸಲ ನಿಮ್ಮ ಅಂದ ಬರೆದ್ರೆ ಸರ್ಟಿಫಿಕೇಟ್ ರಿಜಿಸ್ಟರ್ ನಡೆಸೋರಿಗೆ ನಾನೇ ಬರೀತೀನಿ."

"ಬರೀರಿ. ಮೊದಲು ಹೋಗೋದು ನಿಮ್ಮ ಕೆಲ್ಸ," ಎಂದು ಅವನು ಬೀಜ ಉಗಿದ.

ಅದು ನಿಜ. ತಪ್ಪು ಪತ್ರ ಹೊರಬಿದ್ದರೆ ಮೊದಲು ಕೇಳುವುದು ಸಹಿ ಯಾರದು ಎಂದು.

ಅವಳು ಮೀಟರ್ ರೂಮಿಗೆ ನುಗ್ಗಿದಾಗ ರಾಮಾಂಜನೇಯ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದ. "ಕುಂತ್ಕಳ್ರಿ," ಎಂದ ತಲೆ ಎತ್ತದೆ. "ಫ್ರೇಮ್ ನೋಡಿದ್ರಾ?"

"ನಿಮಗೆ ಗೊತ್ತಿತ್ತಾ?"

"ಮೊಳೆ ಹೊಡೆದೋನು ನಾನೇ." ಪುಸ್ತಕವನ್ನು ಅವಳ ಕಡೆ ತಿರುಗಿಸಿದ. "ಬೇಕಾದ್ರೆ ಇದು ತಗಳ್ರಿ. ನಿಮ್ಮ ಸಾಲು ಅವರು ಅಳಿಸಬಹುದು. ಇದನ್ನ ಅಳಿಸಕ್ಕಾಗಲ್ಲ."

ಅದು ಜನರೇಟರಿನ ದಿನಚರಿ. ಐದು ವರ್ಷದ್ದು. ಪ್ರತಿ ಸಲವೂ ಆನ್ ಆದ ನಿಮಿಷ, ಆಫ್ ಆದ ನಿಮಿಷ, ಕಾರಣ. ದುಂಡು ಅಕ್ಷರ, ಒಂದೂ ಚಿತ್ತಿಲ್ಲ. ತಪ್ಪಿದ ಕಡೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಚಿಕ್ಕದಾಗಿ 'ರಾ' ಎಂದು ಸಹಿ. ಕಾರಣದ ಜಾಗದಲ್ಲಿ ಎಲ್ಲಿಯೂ 'ಇತ್ಯಾದಿ' ಎಂದಿರಲಿಲ್ಲ. ಒಂದು ಕಡೆ 'ಕರೆಂಟ್ ಇತ್ತು. ಮುಹೂರ್ತಕ್ಕೆ ಹಾಕಿದ್ದು' ಎಂದಿತ್ತು. ಇನ್ನೊಂದು ಕಡೆ 'ಮಾಲೀಕರ ತಮ್ಮನ ಫೋನ್ ಚಾರ್ಜಿಗೆ ಹಾಕಿದ್ದು. ನಾಚಿಕೆಗೇಡು' ಎಂದಿತ್ತು.

ಅನುಷಾ ಹಾಳೆ ತಿರುವುತ್ತಾ ಹೋದಳು. ಅವಳನ್ನು ನೋಡಲು ಈವರೆಗೆ ಮೂರು ಗಂಡುಗಳು ಬಂದಿದ್ದರು. ಮೂವರೂ ಚೆನ್ನಾಗಿ ಮಾತಾಡಿದ್ದರು. ಒಬ್ಬನ ಸಂಬಳ ಎರಡನೇ ಭೇಟಿಗೆ ಕಡಿಮೆಯಾಗಿತ್ತು, ಇನ್ನೊಬ್ಬನ ವಯಸ್ಸು ಹೆಚ್ಚಾಗಿತ್ತು. ತಾನು ಮಾಡಿದ ತಪ್ಪಿಗೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕುವ ಗಂಡಸನ್ನು ಅವಳು ನೋಡಿರಲಿಲ್ಲ.

"ಏನು ಹಂಗೆ ನೋಡ್ತಿದೀರ?"

"ಅಕ್ಷರ," ಎಂದಳು ಸಿಡುಕಿ.

"ಅಕ್ಷರ ಪುಸ್ತಕದಾಗೈತೆ. ನೀವು ನನ್ನ ನೋಡ್ತಿದೀರ."

ಅವಳು ಪುಸ್ತಕವನ್ನು ಠಪ್ಪೆಂದು ಮುಚ್ಚಿದಳು.

ಅಲ್ಲಿಂದ ಮದುವೆಗಳು ಬಂದವು, ಹೋದವು. ಪ್ರಭುಲಿಂಗ ಡೀಸೆಲ್ ಸಾಲು ಅಳಿಸುವುದನ್ನು ಬಿಟ್ಟ. ಬದಲಿಗೆ ಅದನ್ನು ಇರುವೆಯ ಗಾತ್ರದಲ್ಲಿ ಮುದ್ರಿಸತೊಡಗಿದ. ಅನುಷಾ ಅಷ್ಟಕ್ಕೆ ಒಪ್ಪಿಕೊಂಡಳು, ಒಪ್ಪಿಕೊಂಡದ್ದಕ್ಕೆ ತನ್ನನ್ನೇ ಹೀಗಳೆದುಕೊಂಡಳು.

ಅವಳ ಫೋನಿಗೆ ಎಲ್ಲರೂ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದರು. ರಾಮಾಂಜನೇಯ ಮೀಟರಿನ ಚಿತ್ರ ಕಳಿಸುತ್ತಿದ್ದ. ಕೆಳಗೆ ಎರಡೇ ಸಾಲು: 'ಆನ್ 10:02. ಆಫ್ 10:31.' ಒಂದು ದಿನ ಅವಳು ಉತ್ತರ ಬರೆದಳು: 'ಚಿತ್ರದಲ್ಲಿ ಕೊನೇ ಅಂಕಿ ಮಸುಕು.' ಮರುಕ್ಷಣ ಇನ್ನೊಂದು ಚಿತ್ರ ಬಂತು. ಅಂಕಿ ಸ್ಪಷ್ಟವಾಗಿತ್ತು. ಮೀಟರಿನ ಗಾಜಿನಲ್ಲಿ ಅವನ ಅರ್ಧ ಮುಖವೂ ಸ್ಪಷ್ಟವಾಗಿತ್ತು. ಅವಳು ಅದನ್ನು ಅಳಿಸಲಿಲ್ಲ. ದಾಖಲೆ ಅಳಿಸಬಾರದು ಎಂದು ತನಗೆ ತಾನೇ ಹೇಳಿಕೊಂಡಳು.

ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ತನ್ನ ಪಕ್ಕದ ಕುರ್ಚಿಯ ಮೇಲೆ ಅವನು ಟೆಸ್ಟರ್ ಇಟ್ಟು ಜಾಗ ಹಿಡಿಯುತ್ತಿದ್ದ.

"ಯಾರಿಗೆ?" ಎಂದು ಬಡಿಸುವವರು ಕೇಳಿದರೆ, "ತನಿಖೆಯೋರಿಗೆ," ಎನ್ನುತ್ತಿದ್ದ.

ಒಂದು ದಿನ ಅವಳು ಕೇಳಿದಳು, "ಕರೆಂಟ್ ಇದ್ರೂ ಡೀಸೆಲ್ ಸುಡೋದು ಮೂಢತನ ಅಂತ ನಿಮಗೆ ಅನ್ಸಲ್ವಾ? ಇಷ್ಟು ಲೆಕ್ಕ ಇಡೋರು ನೀವು."

ಅವನು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದ. "ನಾನು ಸೇರಿದ ವರ್ಷ. ಧರ್ಮಪುರದ ಕಡೆ ಹುಡುಗಿ, ನಮ್ಮೂರೇ. ತಾಳಿ ಹಿಡಿದು ಎದ್ದ ಹೊತ್ತಿಗೆ ಲೈಟು ಹೋಯ್ತು. ನಾನು ಜನರೇಟರ್ ಹಾಕಿರಲಿಲ್ಲ. ಕರೆಂಟ್ ಐತಲ್ಲ ಅಂತ, ಥೇಟ್ ನಿಮ್ಮಂಗೆ. ಒಂದೇ ನಿಮಿಷ. ಆ ಹುಡುಗೀನ ಗಂಡನ ಮನೇಲಿ ಇವತ್ತಿಗೂ ಕತ್ಲೆ ಸೊಸೆ ಅಂತಾರೆ. ಹಾಲು ಒಡೆದ್ರೂ ಅವಳೇ, ಬೋರ್ ಬತ್ತಿದ್ರೂ ಅವಳೇ." ಹೋಳಿಗೆ ಬಾಯಿಗಿಟ್ಟ. "ಮೂಢತನ ಅಂತ ನಂಗೂ ಗೊತ್ತು. ಮೂಢರ ಮನೆಗೆ ಹೋಗೋದು ಹುಡುಗಿ, ನಾನಲ್ಲ."

ಅನುಷಾ ಎಲೆಯಲ್ಲಿ ಉಳಿದಿದ್ದ ತನ್ನ ಹೋಳಿಗೆಯನ್ನು ಅವನ ಎಲೆಗೆ ದಾಟಿಸಿದಳು.

ಹೊಳಲ್ಕೆರೆಯ ಈರಬಸಪ್ಪನ ಮಗಳ ಮದುವೆ ಬಂದದ್ದು ಆ ಮೇಲೆ. ಅದಿರು ಸಾಗಿಸುವ ಲಾರಿಗಳ ಮಾಲೀಕ. ಅವನ ಲಾರಿಗಳು ಹಾದು ಹೋದ ದಾರಿಯಲ್ಲಿ ಹೊಂಗೆ ಮರಗಳು ಕೆಂಪಗೆ ನಿಂತಿರುತ್ತವೆ. ಅವನಿಗೆ ಹಸಿರು ಮದುವೆ ಬೇಕಾಗಿತ್ತು.

"ನೂರಕ್ಕೆ ನೂರು ಗಾಳಿ," ಎಂದ ಪ್ರಭುಲಿಂಗನ ಆಫೀಸಿನಲ್ಲಿ. "ಇರುವೆ ಅಕ್ಷರ ಗಿರುವೆ ಅಕ್ಷರ ನಡಿಯಲ್ಲ. ಪೇಪರಿನೋರು ಬರ್ತಾರೆ. ತಾಳಿ ಆದ ಮ್ಯಾಲೆ ಸೈನ್ ಹಾಕೋ ಈ ಹುಡುಗಿ ಸ್ಟೇಜ್ ಮ್ಯಾಲೆ ನಿಂತು ಕಾಗದ ಓದ್ಬೇಕು."

"ಜನರೇಟರ್ ಹಾಕಿದ್ರೆ ನೂರು ಅಂತ ಓದಲ್ಲ," ಎಂದಳು ಅನುಷಾ. "ಹಾಕದಿದ್ರೆ ಓದ್ತೀನಿ."

ಈರಬಸಪ್ಪ ಪ್ರಭುಲಿಂಗನನ್ನು ನೋಡಿದ. ಪ್ರಭುಲಿಂಗ ಅವಳನ್ನು ನೋಡಿ ನಕ್ಕ. "ಹಾಕಬೇಡ ಅಂತ ನಾನು ಹೇಳಲ್ಲ. ಹಾಕು ಅಂತಾನೂ ಹೇಳಲ್ಲ. ಅದು ಎಲೆಕ್ಟ್ರಿಷಿಯನ್ ಜವಾಬ್ದಾರಿ. ಲೈಟು ಹೋದ್ರೆ ಅವನೂ ಹೋದ."

ಮೀಟರ್ ರೂಮಿನಲ್ಲಿ ರಾಮಾಂಜನೇಯ ಅವಳಿಂದ ಇದನ್ನು ಕೇಳಿಸಿಕೊಂಡು ಒಂದೇ ಮಾತು ಹೇಳಿದ. "ಆಗಲ್ಲ."

"ನೀವು ಹಾಕಿ, ನಾನು ಸುಳ್ಳು ಓದ್ಲಾ?"

"ಓದಬೇಡ್ರಿ. ನಿಮ್ಮ ಕಾಗದಕ್ಕೆ ಒಂದು ಹುಡುಗಿ ಬಾಳು ಅಡ ಇಡಕ್ಕಾಗಲ್ಲ."

"ಬಾಳು ಇರೋದು ಬಲ್ಬಿನಾಗಲ್ಲ!" ಅವಳ ದನಿ ಏರಿತು. "ಐದು ವರ್ಷ ನೂರಾರು ಮದುವೆಗೆ ಡೀಸೆಲ್ ಸುಟ್ಟು ಅದೇ ಸುಳ್ಳಿಗೆ ನೀರು ಹಾಕ್ತಿದೀರ. ಲೈಟು ಹೋಗಬಾರದು ಅಂತ ನೀವು ನಡುಗೋದು ನೋಡಿನೇ ಜನ ನಂಬೋದು."

ಅವನ ಮುಖ ಬಿಳಿಚಿತು. ಅವಳು ಬಸ್ ಹಿಡಿದು ಹೋದಳು. ಐದು ದಿನ ಮೀಟರಿನ ಚಿತ್ರ ಬರಲಿಲ್ಲ. ಗುಲಾಬಿಗಳು ಬಂದವು. ಒಂದೊಂದನ್ನೂ ಅವಳು ಅಳಿಸಿದಳು.

ಆರನೆಯ ದಿನ ಅವಳು ಹೊಳಲ್ಕೆರೆಗೆ ಹೋಗಿ ಮದುಮಗಳನ್ನೇ ಕಂಡಳು. ಇಡೀ ಗಲಾಟೆಯಲ್ಲಿ ಯಾರೂ ಕೇಳದೆ ಬಿಟ್ಟಿದ್ದವಳು ಅವಳೊಬ್ಬಳೇ. ಅಂಜಲಿ ಅಂಗೈಯ ಮೆಹಂದಿ ಒಣಗಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಲೈಟು ಹೋದ್ರೆ ಏನಾಗ್ತೈತೆ ಅಕ್ಕ?"

"ಏನೂ ಆಗಲ್ಲ. ಆದ್ರೆ ಆಮೇಲೆ ಅಂತಾರೆ."

"ಅನ್ನೋರು ಮೂಗು ಚಿಕ್ಕದು ಅಂತಾನೂ ಅಂತಾರೆ. ಮಡ್ಡಿ ಜನ." ಅಂಜಲಿ ನಕ್ಕಳು. "ಹೋದ್ರೆ ಹೋಗ್ಲಿ ಬಿಡ್ರಿ. ಮದುವೆ ಆಗೋರಿಗೂ ಹೇಳ್ತೀನಿ, ಈಗಲೇ ಫೋನ್ ಮಾಡಿ."

ಅನುಷಾ ಅಲ್ಲಿಂದ ನೇರ ಹಿರಿಯೂರಿಗೆ ಬಂದು ಮೀಟರ್ ರೂಮಿನ ಬಾಗಿಲಲ್ಲಿ ನಿಂತಳು. "ಹುಡುಗೀನ ಕೇಳಿದೆ. ಹುಡುಗನ್ನೂ ಅವಳೇ ಕೇಳಿದ್ಲು. ಇಬ್ರೂ ಜನರೇಟರ್ ಬೇಡ ಅಂದ್ರು."

ರಾಮಾಂಜನೇಯ ಟೆಸ್ಟರನ್ನು ಕೆಳಗಿಟ್ಟ. "ಹುಡುಗೀನ ಕೇಳಬಹುದು ಅಂತ ನಂಗೆ ಐದು ವರ್ಷ ಹೊಳೀಲಿಲ್ಲ ನೋಡ್ರಿ," ಎಂದ. ಆಮೇಲೆ, "ಹಾಕಲ್ಲ. ಒಂದು ಷರತ್ತು. ಲೈಟು ಹೋದ್ರೆ ನೀವು ಹೊರಗೆ ಕಾಗದ ಹಿಡಿದು ನಿಂತಿರಬಾರದು. ಇಲ್ಲಿ, ನನ್ನ ಪಕ್ಕ ಇರ್ಬೇಕು."

"ಎಷ್ಟು ಹೊತ್ತು?"

"ಅದನ್ನ ಆಮೇಲೆ ಹೇಳ್ತೀನಿ," ಎಂದು ಅವನು ಅವಳ ಕಣ್ಣನ್ನೇ ನೋಡಿದ. ಅವಳು ಮೊದಲ ಬಾರಿಗೆ ಮೀಟರ್ ಕಡೆ ನೋಡಲು ಮರೆತಳು.

ಮದುವೆಯ ದಿನ ಈರಬಸಪ್ಪ ಒಂದು ಲಾರಿಯಲ್ಲಿ ಹೊಸ ಸಾಮಾನು ತಂದ. ಇಪ್ಪತ್ತು ಅಡಿ ಅಗಲದ ಎಲ್‌ಇಡಿ ಗೋಡೆ. ಅದರಲ್ಲಿ ಗಾಳಿಯಂತ್ರಗಳು ತಿರುಗುವ ವಿಡಿಯೋ. ನಿಜವಾದವು ಕಿಟಕಿಯಾಚೆ ಗುಡ್ಡದ ಮೇಲೆ ತಿರುಗುತ್ತಿದ್ದವು. ಗೋಡೆ ಚೆನ್ನಾಗಿ ಕಾಣಲಿ ಎಂದು ಎಲ್ಲ ಕಿಟಕಿಗಳಿಗೂ ಕರಿ ಪರದೆ ಎಳೆಸಿದ್ದ.

"ಅಣ್ಣಾ, ಇದು ಜಾಸ್ತಿ ಎಳೀತೈತೆ," ಎಂದು ರಾಮಾಂಜನೇಯ ಹೇಳಿದ. "ಎಸಿ ಎಲ್ಲಾ ನಡೀತಾ ಅವೆ. ಬ್ರೇಕರ್ ತಡಿಯಲ್ಲ, ಬಿದ್ದೋಗ್ತೈತೆ."

"ಲೇ, ಗಾಳಿ ತೋರಿಸಕ್ಕೆ ಎಷ್ಟಪ್ಪ ಕರೆಂಟ್ ಬೇಕು? ನಿನ್ನ ಕೆಲಸ ನೋಡ್ಕ ಹೋಗು."

ಹತ್ತು ನಲವತ್ತಕ್ಕೆ ಹುಡುಗ ತಾಳಿ ಹಿಡಿದು ಎದ್ದ. ವಿಡಿಯೋದವರು ಇನ್ನೆರಡು ದೊಡ್ಡ ಲೈಟು ಹಚ್ಚಿದರು. ಗೋಡೆಯ ಮೇಲಿನ ಗಾಳಿಯಂತ್ರಗಳು ಭರ್ರೆಂದು ತಿರುಗಿದವು. ಹತ್ತು ನಲವತ್ತೊಂದಕ್ಕೆ ಮೀಟರ್ ರೂಮಿನಲ್ಲಿ 'ಟಪ್' ಎಂದಿತು.

ಇಡೀ ಹಾಲ್ ಕಪ್ಪಾಯಿತು. ಪುರೋಹಿತರ ಮೈಕ್ ಅರ್ಧ ಮಂತ್ರಕ್ಕೆ ಸತ್ತಿತು.

"ಕರೆಂಟ್ ಹೋಗಿಲ್ಲ," ಎಂದ ಕತ್ತಲಲ್ಲಿ ರಾಮಾಂಜನೇಯನ ದನಿ. "ಬ್ರೇಕರ್ ಬಿತ್ತು. ಟಾರ್ಚ್ ಹಿಡೀರಿ. ಇನ್ನೂ ಮ್ಯಾಲೆ."

ಅನುಷಾ ಎಡಗೈಯಲ್ಲಿ ಮೊಬೈಲ್ ಎತ್ತಿ ಹಿಡಿದಳು. ಎತ್ತರ ಸಾಲದೆ ತುದಿಗಾಲಲ್ಲಿ ನಿಂತು, ಇನ್ನೊಂದು ಕೈಯನ್ನು ಅವನ ಹೆಗಲ ಮೇಲೆ ಊರಿದಳು. ಅಂಗಿಯ ಕೆಳಗೆ ಆ ಹೆಗಲು ನಡುಗುತ್ತಿತ್ತು. ಅವನು ಎಲ್‌ಇಡಿ ಗೋಡೆಯ ಕೇಬಲ್ ಕಿತ್ತ. ಬ್ರೇಕರ್ ಎತ್ತಿದ. ನಿಲ್ಲಲಿಲ್ಲ. "ಬಿಸಿ ಆಗೈತೆ. ಒಂದು ನಿಮಿಷ ತಣ್ಣಗಾಗ್ಬೇಕು."

ಮಾಡಲು ಬೇರೆ ಏನೂ ಇರಲಿಲ್ಲ. ಇಬ್ಬರೂ ನಿಂತರು. ಅವಳು ಕೈ ತೆಗೆಯಲಿಲ್ಲ.

ಹಾಲ್‌ನಲ್ಲಿ ಗುಸುಗುಸು ಏಳುತ್ತಿತ್ತು. 'ಅಯ್ಯೋ', 'ಶಕುನ' ಎಂಬ ಮಾತುಗಳು ಗಾಳಿಕಿಂಡಿಯಿಂದ ಒಳಗೆ ಬಂದವು. ಅದರ ಮೇಲೆ ಮುದಿ ದನಿಯೊಂದು ಎದ್ದಿತು. ಈರಬಸಪ್ಪನ ತಾಯಿ ಬೊಮ್ಮಕ್ಕ.

"ಏನ್ರಲೇ ಅದು ಗೊಣಗೊಣ! ನನ್ನ ಮದುವೇಲಿ ಯಾವ ಕರೆಂಟ್ ಇತ್ತು? ಕಟ್ಟಪ್ಪ ನೀನು! ಕತ್ಲೆ ಆದ್ರೆ ಕೊರಳು ಎಲ್ಲೈತೆ ಅಂತ ಗೊತ್ತಾಗಲ್ವ?"

ಮದುಮಗಳು ನಕ್ಕದ್ದು ಕೇಳಿಸಿತು. ಆಮೇಲೆ ಗಟ್ಟಿಮೇಳ. ಓಲಗಕ್ಕೆ ಕರೆಂಟ್ ಬೇಕಿರಲಿಲ್ಲ.

ಹತ್ತು ನಲವತ್ತಮೂರಕ್ಕೆ ಬ್ರೇಕರ್ ನಿಂತಿತು. ಲೈಟು ಬಂತು. ಗಾಳಿಯಂತ್ರಗಳ ಗೋಡೆ ಮಾತ್ರ ಕಪ್ಪಾಗಿ ನಿಂತಿತ್ತು.

ಈರಬಸಪ್ಪ ಬಾಗಿಲಿಗೆ ಬಂದ. ಹಿಂದೆ ಪ್ರಭುಲಿಂಗ. "ಎಲ್ಲಿ ಅವ್ನು? ಜನರೇಟರ್ ಹಾಕಿರಲಿಲ್ವೇನಲೇ?"

ಅನುಷಾ ರಾಮಾಂಜನೇಯನ ಮುಂದೆ ಬಂದು ನಿಂತಳು. "ಹಾಕಬೇಡಿ ಅಂದೋಳು ನಾನು. ಬೀಳಿಸಿದ್ದು ನಿಮ್ಮ ಗೋಡೆ. ಇವರು ಬೆಳಿಗ್ಗೆನೇ ಹೇಳಿದ್ರು."

ಪ್ರಭುಲಿಂಗ ರಾಮಾಂಜನೇಯನ ಕಡೆ ಬೆರಳು ತೋರಿಸಿದ. "ನೀನು ಹೇಳು. ಜನರೇಟರ್ ಹಾಕಿದ್ರೆ ಲೈಟು ಹೋಗ್ತಿತ್ತಾ?"

ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆ ಕೋಣೆಯಲ್ಲಿ ಅದನ್ನು ಕಂಡುಹಿಡಿಯಬಲ್ಲವಳು ಅನುಷಾ ಒಬ್ಬಳೇ. ಅವಳು ಅವನ ಪಕ್ಷದಲ್ಲಿದ್ದಳು.

"ಇಲ್ಲ," ಎಂದ ರಾಮಾಂಜನೇಯ. "ಜನರೇಟರ್ ದೊಡ್ಡದು. ಅದು ತಡೀತಿತ್ತು."

ತನ್ನ ಪರವಾಗಿದ್ದ ವಾದವನ್ನು ಅವನು ತನ್ನ ಕೈಯಾರೆ ಮುರಿದದ್ದನ್ನು ಅನುಷಾ ನೋಡಿದಳು. ಇನ್ನು ತಾನು ಬೇರೆ ಯಾರನ್ನೂ ನೋಡಬೇಕಿಲ್ಲ ಎಂದು ಅವಳಿಗೆ ಆಗಲೇ ತೀರ್ಮಾನವಾಯಿತು.

"ಹಂಗಾದ್ರೆ ನಾಳೆಯಿಂದ ಬರ್ಬೇಡ," ಎಂದ ಪ್ರಭುಲಿಂಗ.

"ಸ್ಟೇಜ್ ಮ್ಯಾಲೆ ಕರೀತಾ ಅವ್ರೆ," ಎಂದಳು ಅನುಷಾ ಈರಬಸಪ್ಪನಿಗೆ. "ಓದ್ಲಾ, ಬೇಡ್ವಾ?"

ಅವಳು ಓದಿದಳು. ಮೈಕಿನಲ್ಲಿ, ಸ್ಪಷ್ಟವಾಗಿ, ಬರೆದದ್ದಕ್ಕೆ ಒಂದು ಸಾಲು ಸೇರಿಸಿ. "ಈ ಮದುವೆಗೆ ತಂತಿಯಿಂದ ಬಂದಷ್ಟೂ ವಿದ್ಯುತ್ತಿಗೆ ಗಾಳಿ ವಿದ್ಯುತ್ತಿನ ಸರ್ಟಿಫಿಕೇಟನ್ನು ಈ ಮನೆಯವರ ಹೆಸರಿನಲ್ಲಿ ರದ್ದು ಮಾಡಲಾಗುವುದು. ಡೀಸೆಲ್ ಬಳಸಿಲ್ಲ. ಹತ್ತು ನಲವತ್ತೊಂದರಿಂದ ಹತ್ತು ನಲವತ್ತಮೂರರವರೆಗೆ ಯಾವ ವಿದ್ಯುತ್ತನ್ನೂ ಬಳಸಿಲ್ಲ. ತಾಳಿ ಕಟ್ಟಿದ್ದು ಆಗ."

ಯಾರೋ ಚಪ್ಪಾಳೆ ತಟ್ಟಿದರು. ಇದು ಮೊದಲೇ ಯೋಚಿಸಿ ಮಾಡಿದ್ದು ಎಂದುಕೊಂಡು ಇಡೀ ಹಾಲ್ ತಟ್ಟಿತು. ಈರಬಸಪ್ಪ ಸುತ್ತ ನೋಡಿದ, ಮುಖದ ಸಿಟ್ಟನ್ನು ಮಡಚಿಟ್ಟ, ಕೈ ಮುಗಿದ. ಪೇಪರಿನವರಿಬ್ಬರು ಏನನ್ನೂ ಕೇಳಲಿಲ್ಲ. ಫ್ರೇಮಿನ ಫೋಟೋ ತೆಗೆದು ಊಟಕ್ಕೆ ಹೋದರು. ಮರುದಿನ 'ಕತ್ತಲಲ್ಲಿ ತಾಳಿ: ಪರಿಸರಕ್ಕೆ ಹೊಸ ಮಾದರಿ' ಎಂದು ಬಂತು.

ಮೂರನೆಯ ದಿನ ಪ್ರಭುಲಿಂಗ ಇಬ್ಬರನ್ನೂ ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಹೊಸ ಬೋರ್ಡಿನ ನಕ್ಷೆ ಇತ್ತು. 'ಶೂನ್ಯ ಮುಹೂರ್ತ'. ತಾಳಿಯ ಹೊತ್ತಿಗೆ ಎರಡು ನಿಮಿಷ ಲೈಟು ಆರಿಸುವುದು. ಅದಕ್ಕೆ ಬೇರೆ ದರ.

"ನಾಲ್ಕು ಬುಕಿಂಗ್ ಬಂದವೆ. ರಾಮು, ನೀನು ಆರಿಸ್ತೀಯ. ಅಮ್ಮ, ನೀವು ಸೈನ್ ಹಾಕ್ತೀರ. ಹಳೇದೆಲ್ಲ ಬಿಡ್ರಿ."

ರಾಮಾಂಜನೇಯ ನಕ್ಷೆಯನ್ನು ದಿಟ್ಟಿಸಿದ. "ಲೈಟು ಹೋದ್ರೆ ಶನಿ, ದುಡ್ಡು ಕೊಟ್ಟು ಹೋಗಿಸಿದ್ರೆ ಶುಭ. ನಮ್ಮೂರ ಹುಡುಗಿಗೆ ಇನ್ನು ಏನಂತಾರಂತೆ?"

"ಯಾವ ಹುಡುಗಿ?" ಎಂದ ಪ್ರಭುಲಿಂಗ.

ಅವನಿಗೆ ನೆನಪಿರಲಿಲ್ಲ. ರಾಮಾಂಜನೇಯ ಬೀಗದ ಕೈ ಗೊಂಚಲನ್ನು ನಕ್ಷೆಯ ಮೇಲಿಟ್ಟ. ಅನುಷಾ ಪೆನ್ನಿನ ಕ್ಯಾಪ್ ಹಾಕಿ ಎದ್ದಳು. ಬೈಯಲು ಇಬ್ಬರಿಗೂ ಮನಸ್ಸಾಗಲಿಲ್ಲ. ಬೈಗುಳಕ್ಕೂ ಒಂದಿಷ್ಟು ಗೌರವ ಬೇಕು.

ಹೊರಗೆ ಬಸ್ ನಿಲ್ದಾಣದ ಬೆಂಚಿನಲ್ಲಿ ಅವರು ಕೂತರು. ಮಧ್ಯಾಹ್ನದ ಗಾಳಿ ಎದ್ದಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಯಾರ ಮದುವೆಯ ಗೊಡವೆಯೂ ಇಲ್ಲದೆ ತಿರುಗುತ್ತಿದ್ದವು.

"ಕೆಲಸ?" ಎಂದಳು.

"ಚಿತ್ರದುರ್ಗದಾಗೆ ಮೀಟರ್ ರಿಪೇರಿ ಅಂಗಡಿಯೋರು ಕರೀತಾ ಅವ್ರೆ. ನಿಮ್ಮ ಆಫೀಸಿಂದ ಎಷ್ಟು ದೂರ ಅಂತ ಅಳೆದಿದೀನಿ. ಆರುನೂರಾ ನಲವತ್ತು ಹೆಜ್ಜೆ."

"ಯಾರ ಹೆಜ್ಜೆ? ನಿಂದು ಉದ್ದ, ನಂದು ಗಿಡ್ಡ."

'ನೀವು' ಹೋಗಿ 'ನೀನು' ಬಂದದ್ದನ್ನು ಇಬ್ಬರೂ ಕೇಳಿಸಿಕೊಂಡರು. ಇಬ್ಬರೂ ರಸ್ತೆ ನೋಡಿದರು.

ಅವನು ಚೀಲದಿಂದ ಜನರೇಟರಿನ ದಿನಚರಿ ತೆಗೆದ. "ಇದು ಮಂಟಪದ್ದಲ್ಲ, ನಾನೇ ಕೊಂಡಿದ್ದು. ಕೊನೇ ಸಾಲು ಬರೆದೀನಿ. ನೋಡು. ಪರಿಶೀಲಿಸೋಳು ನೀನು. ಸರಿ ಇದ್ರೆ ಸೈನ್ ಹಾಕು, ಇಲ್ಲಾಂದ್ರೆ ಬಿಡು. ಎಷ್ಟು ಹೊತ್ತು ಪಕ್ಕ ಇರ್ಬೇಕು ಅಂತ ಕೇಳಿದ್ಯಲ್ಲ, ಅದೂ ಐತೆ."

ಅದೇ ದುಂಡು ಅಕ್ಷರ. ಜನರೇಟರ್ ಆನ್ ಆದ ಜಾಗದಲ್ಲಿ ಗೆರೆ. ಆಫ್ ಆದ ಜಾಗದಲ್ಲಿ ಗೆರೆ. ಕಾರಣದ ಜಾಗದಲ್ಲಿ ಹೀಗಿತ್ತು:

'10:41ರಿಂದ 10:43. ಕತ್ತಲೆ. ಪಕ್ಕದಲ್ಲಿ ಅನುಷಾ ಇದ್ದಳು. ಅವಳ ಎಡಗೈ ನನ್ನ ಹೆಗಲ ಮೇಲಿತ್ತು. ಭಯ ಆಗಲಿಲ್ಲ. ಇನ್ನು ಮುಂದೆಯೂ ಹೀಗೇ ಇರಬೇಕೆಂದು ಆಸೆ.'

ಅನುಷಾ ಎರಡು ಸಲ ಓದಿದಳು. ಚಿತ್ರದುರ್ಗದ ಬಸ್ ಬಂತು, ನಿಂತಿತು, ಕಂಡಕ್ಟರ್ "ದುರ್ಗ, ದುರ್ಗ" ಎಂದು ಕೂಗಿದ, ಬಸ್ ಹೋಯಿತು. ರಾಮಾಂಜನೇಯ ತನ್ನ ಚಪ್ಪಲಿ ನೋಡುತ್ತಿದ್ದ.

"ಇದಕ್ಕೆ ಹೀಗೇ ಸೈನ್ ಹಾಕಕ್ಕಾಗಲ್ಲ," ಎಂದಳು.

ಅವನು ತಲೆ ಎತ್ತಲಿಲ್ಲ. "ಸರಿ ಬಿಡು."

"ಎಡಗೈಯಾಗೆ ಟಾರ್ಚ್ ಇತ್ತು."

ಅವಳು ಅವನ ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಂಡಳು. 'ಎಡಗೈ' ಎಂಬುದರ ಮೇಲೆ ಒಂದೇ ಗೆರೆ ಎಳೆದಳು, ಪಕ್ಕದಲ್ಲಿ 'ಬಲಗೈ' ಎಂದು ಬರೆದಳು. 'ಭಯ ಆಗಲಿಲ್ಲ' ಎಂಬುದರ ಮೇಲೂ ಗೆರೆ ಎಳೆದು 'ನಡುಗುತ್ತಿದ್ದ' ಎಂದು ತಿದ್ದಿದಳು. ಕೊನೆಯ ವಾಕ್ಯವನ್ನು ಬೆರಳಿಟ್ಟು ಮತ್ತೊಮ್ಮೆ ಓದಿದಳು. ಅದರಲ್ಲಿ ತಿದ್ದಲು ಏನೂ ಇರಲಿಲ್ಲ.

ಕೆಳಗೆ ಬರೆದಳು: 'ಪರಿಶೀಲಿಸಿದ್ದೇನೆ. ಸರಿ ಇದೆ.'

ಆಮೇಲೆ ಪೆನ್ಸಿಲನ್ನು ಅವನ ಕಿವಿಗೇ ಸಿಕ್ಕಿಸಿ, ಚೀಲದಿಂದ ಪೆನ್ನು ತೆಗೆದು, ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.